ಮಹಡಿ ಕೋಣೆಯ ಉತ್ತರದ ಗೋಡೆ

ಮಾರ್ಚ್ 18, ಮಂಗಳವಾರ

ಮತ್ತೆ ಖಾಲಿ. ಕಂಪ್ಯೂಟರಿನಲ್ಲಿ ಮಹಡಿ ಕೋಣೆಯ ಉತ್ತರದ ಗೋಡೆಯ ಎಲಿವೇಶನ್ ತೆರೆದರೆ ಬರೀ ಬಿಳಿ. ಉಳಿದ ಕೋಣೆಗಳೆಲ್ಲ ನೆಟ್ಟಗಿವೆ, ಇದೊಂದು ಹಟಮಾರಿ. ಕ್ರಾಪ್ ಚೌಕಟ್ಟು ದೊಡ್ಡದು ಮಾಡಿದೆ, ಟೆಂಪ್ಲೇಟ್ ಬದಲಿಸಿದೆ, ಹೈಡ್ ಆದದ್ದೆಲ್ಲ ಆನ್ ಮಾಡಿದೆ... ಜಪ್ಪಯ್ಯ ಅಂದರೂ ಬಗ್ಗಲಿಲ್ಲ.

ಅಕ್ಕ ಚಹಾ ಇಟ್ಟು ಇಣುಕಿದಳು. “ಏನೇ ಅದು, ಏನೂ ಇಲ್ವಲ್ಲ?”

ಕೋಣೆ ಒಳಗೆ ನಿಂತು ಗೋಡೆ ನೋಡಿದ ಹಾಗೆ ಕಾಣ್ಬೇಕು, ಕಾಣ್ತಿಲ್ಲ ಅಂದೆ.

“ಗೋಡೆ ನೋಡೋಕೂ ಇಷ್ಟು ಒದ್ದಾಟಾನಾ!” ನಕ್ಕಳು. ನಾನೂ ನಕ್ಕೆ.

ಬಾಡಿಗೆಗೆ ಕೊಡಲೆಂದು ಭಾವ ಈ ಮನೆಯ ಮೇಲೆಯೇ ಎಬ್ಬಿಸಲಿರುವ ಮಹಡಿ. ಇದರ ಡ್ರಾಯಿಂಗ್ ಮುಗಿಸಿಕೊಟ್ಟರೆ ನನಗೆ ಬಿಡುಗಡೆ. ಒಂದನೇ ತಾರೀಖು ಬೇರೆ ಊರಲ್ಲಿ ಹೊಸ ಕೆಲಸ. ಓದು ಮುಗಿದಾಗಿನಿಂದ ಅಕ್ಕನ ಮನೆಯಲ್ಲೇ ವಾಸ, ಭಾವನ ಆಫೀಸಿನಲ್ಲೇ ದುಡಿಮೆ, ಎರಡರ ನಡುವೆ ಒಂದು ಬಾಗಿಲು. ಸಾಕಾಗಿದೆ.

ಮಾರ್ಚ್ 19

ಸಿಕ್ಕಿತು! ಎಲ್ಲಿಂದ ನೋಡಬೇಕೆಂದು ಹೇಳುವ ಎಲಿವೇಶನ್ ಗುರುತು ಗೋಡೆಯೊಳಗೆ ಹೂತುಹೋಗಿತ್ತು. ಗೋಡೆ ಸರಿಸಿದರೆ ಅದು ಜೊತೆಗೆ ಸರಿಯುವುದಿಲ್ಲ, ಇದ್ದಲ್ಲೇ ಇರುತ್ತದೆ. ಇಟ್ಟಿಗೆಯೊಳಗೆ ಕಣ್ಣಿಟ್ಟರೆ ಏನು ಕಂಡೀತು? ಈಚೆಗೆಳೆದೆ. ಗೋಡೆ, ಕಿಟಕಿ ಎಲ್ಲ ಬಂತು.

ಮಾರ್ಚ್ 20

ಮತ್ತೆ ಖಾಲಿ. ಯಾರೋ ಗೋಡೆ ಸರಿಸಿದ್ದಾರೆ. ಯಾರೋ ಏನು — ಕಂಪ್ಯೂಟರಿನಲ್ಲಿ ಈ ಮನೆಯ ಮಾಡೆಲ್ ತೆರೆಯುವವರು ನಾನು, ಭಾವ ಇಬ್ಬರೇ. ಅವರನ್ನೇ ಕೇಳಿದೆ.

“ಸ್ವಲ್ಪ ದೊಡ್ಡದು ಮಾಡ್ದೆ ಕಣಮ್ಮ. ಇರೋರು ಆರಾಮಾಗಿರ್ಲಿ ಅಂತ.”

ಇನ್ನೂ ಬಾರದ ಬಾಡಿಗೆಯವರ ಮೇಲೆ ಎಷ್ಟು ಪ್ರೀತಿ!

ಮಾರ್ಚ್ 25

ದಿನಾ ಸರಿಸುತ್ತಾರೆ. ದಿನಾ ಸರಿಪಡಿಸುತ್ತೇನೆ. ತಲೆ ಕೆಟ್ಟು, ಇವತ್ತು ಆ ಕೋಣೆಯ ನಾಲ್ಕೂ ಗೋಡೆಯ ಎಲಿವೇಶನ್ ಒಟ್ಟಿಗೆ ತೆರೆದೆ. ಭಾವ ಸಾಮಾನೆಲ್ಲ ಜೋಡಿಸಿಬಿಟ್ಟಿದ್ದಾರೆ. ಒಂಟಿ ಮಂಚ. ಮೇಜು, ಅದರ ಮೇಲೆ ಎರಡು ಸ್ಕ್ರೀನ್. ದೀಪ ಬಲಗಡೆ, ಎಡಗೈಯ ನೆರಳು ಬರಹದ ಮೇಲೆ ಬೀಳದ ಹಾಗೆ. ಈ ಮನೆಯಲ್ಲಿ ಎಡಗೈಯಲ್ಲಿ ಬರೆಯುವವಳು ನಾನೊಬ್ಬಳೇ.

ಎದ್ದು ಒಳಗೆ ಹೋದೆ.

“ಅಕ್ಕಾ, ಆ ಕೋಣೆ ಯಾರಿಗೆ?”

ಬಟ್ಟೆ ಮಡಚುತ್ತಿದ್ದವಳು ನಿಲ್ಲಿಸಿದಳು. “ಗೊತ್ತಾಗ್ಬಿಡ್ತಾ? ಕಟ್ಟಿ ಮುಗಿದ್ಮೇಲೆ ತೋರ್ಸೋಣ ಅಂತಿದ್ವಿ. ನೀನಿಲ್ದೆ ನಮ್ಗೆ ಹೇಗಾಗತ್ತೆ ಹೇಳು? ಪರದೆ ಯಾವ ಬಣ್ಣದ್ದು ಹಾಕ್ಸ್ಲಿ?”

ಜಗಳ ತೆಗೆದಿದ್ದರೆ ತಿರುಗಿ ಆಡಬಹುದಿತ್ತು. ಕಣ್ಣು ತುಂಬಿಕೊಂಡು ನಿಂತಿದ್ದಳು. ಹಳದಿ ಅಂದುಬಿಟ್ಟೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಮಾರ್ಚ್ 31, ಬೆಳಿಗ್ಗೆ

ಬಸ್ಸಿಗೆ ಇನ್ನೂ ಸ್ವಲ್ಪ ಹೊತ್ತಿದೆ. ಡ್ರಾಯಿಂಗ್ ಎಲ್ಲ ನಿನ್ನೆಯೇ ಒಪ್ಪಿಸಿಯಾಯಿತು. ಹೋಗಿಯೇ ಹೋಗುತ್ತೇನೆ ಅಂತ ಇಬ್ಬರಿಗೂ ಹೇಳಿಯಾಯಿತು. ಯಾರೂ ಬೇಡ ಅನ್ನಲಿಲ್ಲ. ಬ್ಯಾಗ್ ಹೆಗಲಿಗೇರಿಸಿ ಹೊರಟೆ, ಆಫೀಸಿನಿಂದ ಭಾವ ಕರೆದರು.

“ಉತ್ತರದ್ದು ಮತ್ತೆ ಖಾಲಿ ಬರ್ತಿದೆ ಕಣಮ್ಮ. ಎರಡೇ ನಿಮಿಷ.”

“ಗುರುತನ್ನ ಗೋಡೆಯಿಂದ ಈಚೆಗೆ ಎಳೀರಿ ಭಾವ, ಅಷ್ಟೇ.” ಬಾಗಿಲಲ್ಲೇ ನಿಂತು ಹೇಳಿದೆ.

“ನನ್ ಕೈಲಿ ಆಗಲ್ಲ. ಕೂತು ತೋರ್ಸು.”

ಗೋಡೆ ಸರಿಸಲು ಬರುತ್ತದೆ, ಇದು ಬರುವುದಿಲ್ಲ! ಕುರ್ಚಿ ಎಳೆದುಕೊಟ್ಟರು.

ಕೂತೆ. ಎಳೆದೆ. ಗೋಡೆ ಬಂತು. ಕಿಟಕಿಗೆ ಹಳದಿ ಪರದೆ ಬಂತು. ಒಂದು ಪ್ರಿಂಟ್ ತೆಗೆದು ನೋಡ್ತೀನಿ, ಇರು ಅಂತ ಭಾವ ಆಚೆ ಹೋಗಿದ್ದಾರೆ. ಅಷ್ಟರಲ್ಲಿ ಇದನ್ನು ಗೀಚುತ್ತಿದ್ದೇನೆ. ಬ್ಯಾಗ್ ಹೆಗಲಲ್ಲೇ ಇದೆ. ಇಳಿಸಿಲ್ಲ. ಇಳಿಸುವುದೂ ಇಲ್ಲ. ಅಕ್ಕ ಹಿಂದಿನಿಂದ ಬಂದಳು, “ಭಾರ ಆಗಲ್ವೇನೇ” ಅಂತ ಬ್ಯಾಗಿನ ಪಟ್ಟಿಗೆ ಕೈ ಹಾಕಿ—