ಫಿಂಟಾಸ್ ಶೆಡ್ಡಿನ ಕ್ರೌನ್

ಸೆಪ್ಟೆಂಬರ್ 5, ಶುಕ್ರವಾರ

ಈ ರಜೆಯೂ ಶೆಡ್ಡಿನಲ್ಲೇ ಹೋಯಿತು. ವಾರವಿಡೀ ಶುಐಬಾ ಪ್ಲಾಂಟಿನಲ್ಲಿ ಪಂಪು ಬಿಚ್ಚುವುದು, ಶುಕ್ರವಾರ ಫಿಂಟಾಸಿನಲ್ಲಿ ಕಾರು ಬಿಚ್ಚುವುದು. ಸೊಂಟ ಹಿಡಿದಿದೆ. ಹೆಂಡತಿ ವೈಲೆಟ್ ಮುಲಾಮು ತಿಕ್ಕುತ್ತಾ, “ಯೂಜಿನ್, ನಿಮ್ಗೆ ಬೇರೆ ಕೆಲ್ಸ ಇಲ್ವಾ?” ಎಂದಳು.

ಈ ಕಾರು ನೋಡಿಕೊಡಿ ಎಂದು ಕೇಳಿದ್ದು ಅವಳ ಜೊತೆಯ ನರ್ಸ್ ಝೀನತ್. ಇಲ್ಲ ಎನ್ನಲಾಗಲಿಲ್ಲ. ಝೀನತ್‌ಳ ಅಪ್ಪ ಇಲ್ಲಿ ಗಲ್ಫಿನಲ್ಲೇ ಟೈಲರ್ ಆಗಿದ್ದರು. 1990ರ ಯುದ್ಧದ ಸಮಯದಲ್ಲಿ ಎದೆನೋವಿನಿಂದ ತೀರಿಕೊಂಡರು. ಅವರ ಕಫೀಲ್‌ನ, ಅಂದರೆ ವೀಸಾ ಕೊಟ್ಟ ಅರಬ್ ಯಜಮಾನನ, ಹಳೆಯ ಮನೆಯನ್ನು ತಿಂಗಳ ಕೊನೆಗೆ ಕೆಡವುತ್ತಾರೆ. ಅದರ ಶೆಡ್ಡಿನಲ್ಲೊಂದು ಟೊಯೋಟಾ ಕ್ರೌನ್ ಕಾರು. ಅಪ್ಪನದೇ ಇರಬಹುದೆಂದು ಅವಳ ಆಸೆ. ಅಲ್ಲವಾದರೆ ಗುಜರಿಗೆ.

ಊರಿನಿಂದ ಬಂದು ಅವಳ ಜೊತೆಗಿರುವ ತಾಯಿ ಮರಿಯಮ್ ಬೀವಿ ಫೋನಿನಲ್ಲೇ ತಳ್ಳಿಹಾಕಿದರು. “ನಮ್ದು ಬಿಳಿ ಕಾರು ಮಾರಾಯ್ರೆ. ಇದು ನೀಲಿ. ನಮ್ದನ್ನು ಝೀನತ್‌ಳ ಅಪ್ಪ ಆಗ್ಲೇ ಮಾರಿದ್ದಾರೆ.”

ಸೆಪ್ಟೆಂಬರ್ 6

ಡಿಕ್ಕಿಯ ಬೀಗ ತುಕ್ಕು ಹಿಡಿದಿತ್ತು. ಒಡೆದೆ. ಒಳಗೆ ನೀರಿನ ಕ್ಯಾನುಗಳು, ಪೆಟ್ರೋಲ್ ಡಬ್ಬಿ, ಕಂಬಳಿ. ಕಾರ್ಪೆಟ್ ಎತ್ತಿದರೆ... ಅಡಿಯ ಬಣ್ಣ ಬಿಳಿ! ನೀಲಿಯನ್ನು ಬ್ರಶ್‌ನಲ್ಲೇ ಬಳಿದಿದ್ದಾರೆ, ಬ್ರಶ್ಶಿನ ಕೂದಲು ಅಂಟಿಕೊಂಡಿದೆ. ಆಗ ದಾಳಿಗೆ ಬಂದ ಸೈನಿಕರು ಒಳ್ಳೆ ಗಾಡಿ ಕಂಡರೆ ಒಯ್ಯುತ್ತಿದ್ದರಂತೆ. ಹಾಳು ಗಾಡಿ ಎನಿಸಲೆಂದೇ ಬಳಿದಿರಬೇಕು.

ಝೀನತ್ ತಾಯಿಗೆ ಫೋನ್ ಮಾಡಿದಳು. ಬೀವಿ ಫೋನ್ ಇಟ್ಟುಬಿಟ್ಟರು.

ಸೆಪ್ಟೆಂಬರ್ 19

ಇಂಜಿನ್ನಿನ ಪ್ಲಗ್ ತೆಗೆದು ಎಣ್ಣೆ ಬಿಟ್ಟು ನೆನೆಸಿಟ್ಟಿದ್ದೆ. ಇವತ್ತು ಸ್ಪ್ಯಾನರ್ ಹಾಕಿ ಕೈಯಲ್ಲೇ ತಿರುಗಿಸಿದೆ — ತಿರುಗಿತು. ಟ್ಯಾಂಕಿನ ಪೆಟ್ರೋಲ್ ಅಂಟಾಗಿದೆ, ನಾತ. ಬ್ರೇಕ್ ಪೂರ್ತಿ ಜಾಮ್. ಸೆಕೆ. ಸಾಕಾಗಿದೆ.

ಸೆಪ್ಟೆಂಬರ್ 26, ಸಂಜೆ

ಬ್ರೇಕ್ ಬಿಡಿಸಿ, ಹೊಸ ಪೆಟ್ರೋಲ್ ಹಾಕಿದೆ. ಸ್ಟಾರ್ಟ್ ಆಯಿತು. ಕೆಮ್ಮಿತು, ಹೊಗೆ ಕಾರಿತು, ನಿಂತಿತು. ಮತ್ತೆ ಹಿಡಿಯಿತು. ಖುಷಿಪಡಲೂ ಶಕ್ತಿ ಇರಲಿಲ್ಲ. ಅಲ್ಲೇ ನೆಲದ ಮೇಲೆ ಕೂತೆ.

ಝೀನತ್ ಬೀವಿಯವರನ್ನು ಕರೆತಂದಳು. ಅವರು ಬಣ್ಣ ನೋಡಲಿಲ್ಲ, ಇಂಜಿನ್ ನೋಡಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು ಸೀಟು ಕವರಿನ ಹೊಲಿಗೆಯ ಮೇಲೆ ಬೆರಳಾಡಿಸಿದರು.

“ಇದು ಅವ್ರ ಕೈ.”

ಆಮೇಲೆ ತಾವಾಗಿಯೇ ಹೇಳಿದರು. “ಯುದ್ಧ ಆದಾಗ ನಮ್ಮನ್ನು ಗಡಿ ದಾಟ್ಲಿಕ್ಕೆ ಬಸ್ಸಲ್ಲಿ ಕಳಿಸಿ, ಹಿಂದಿಂದ ಕಾರಲ್ಲಿ ಬರ್ತೇನೆ ಅಂದ್ರು. ಬರ್ಲಿಲ್ಲ. ಕಾರು ಮಾರಿ ಅಂಗಡಿ ಕಾಯ್ತಾ ಕೂತ್ರು ಅಂತ ಯಾರೋ ಅಂದ್ರು, ನಾನು ನಂಬಿದೆ. ದುವಾ ಮಾಡುವಾಗ್ಲೂ ಬೈದಿದ್ದೇನೆ.” ಮುಂದಕ್ಕೆ ಬಾಗಿ, “ಯೂಜಿನ್, ಅವ್ರು ಹೊರಟಿದ್ರಾ?”

“ಡಿಕ್ಕಿಯಲ್ಲಿ ನೀರು, ಪೆಟ್ರೋಲ್, ಕಂಬಳಿ ಇತ್ತು. ಹೊರಡ್ಲಿಕ್ಕೆ ಎಲ್ಲಾ ತಯಾರು ಮಾಡಿದ್ರು ಬೀವಿ.”

ಝೀನತ್ ಮುಖ ಆಚೆ ತಿರುಗಿಸಿದಳು.

“ಹಾಗಾದ್ರೆ ಸ್ವಲ್ಪ ಓಡಿಸಿ.”

ರಿಜಿಸ್ಟ್ರೇಷನ್ ಇಲ್ಲದ ಗಾಡಿ, ರಸ್ತೆಗೆ ಇಳಿಸುವ ಹಾಗಿಲ್ಲ. ಅಂಗಳದಲ್ಲೇ ನಿಧಾನ ಸುತ್ತು ಹೊಡೆದೆ. ಹಿಂದೆ ಬೀವಿ ಮಾತಾಡತೊಡಗಿದರು, ಬ್ಯಾರಿ ಭಾಷೆಯಲ್ಲಿ, ಮೆಲ್ಲಗೆ. ನನ್ನ ಹತ್ತಿರ ಅಲ್ಲ. ಝೀನತ್ ಹತ್ತಿರವೂ ಅಲ್ಲ. ಕನ್ನಡಿ ನೋಡಲಿಲ್ಲ. ನಿಲ್ಲಿಸಲೂ ಮನಸ್ಸಾಗದೆ ಸುತ್ತುತ್ತಲೇ ಇದ್ದೆ.

ಬ್ರೇಕ್ ಎಡಕ್ಕೆ ಎಳೆಯುತ್ತದೆ. ನಾಳೆ ಅದನ್ನೊಂದು ಸರಿ ಮಾಡಬೇಕು.