ಅಗಸಿಯ ಕಂಬ ತೆಗೆಯುವುದಿಲ್ಲ

ಪಾರಂಪರಿಕ ಮಾನಮರ್ಯಾದೆ ವಿಭಾಗದ ಮುಖ್ಯಾಧಿಕಾರಿಗಳಿಗೆ,
ಛತ್ರಪತಿ ಸಂಭಾಜಿನಗರ

ಮಾನ್ಯರೇ,

ಜಹಗೀರದಾರರ ಅಗಸಿ ಬಾಗಿಲಿಗೆ ನಾನು ಆಸರೆಯಾಗಿ ನಿಲ್ಲಿಸಿದ ಕಬ್ಬಿಣದ ಕಂಬಗಳನ್ನು ಈ ತಿಂಗಳೊಳಗೆ ತೆಗೆದು ತಮ್ಮ ಗೋದಾಮಿಗೆ ಒಪ್ಪಿಸಬೇಕೆಂಬ ಎರಡನೆಯ ನೋಟಿಸು ತಲುಪಿತು. ಒಪ್ಪಿಸುವುದಿಲ್ಲ. ಕಂಬ ತೆಗೆದರೆ ಕಮಾನು ಕುಸಿಯುತ್ತದೆ. ಆ ಕಮಾನಿನ ಕೆಳಗೆ ಮಲ್ಲಮ್ಮ ಎಂಬ ಹೆಣ್ಣುಮಗಳು ಕೂತು ರೊಟ್ಟಿ ಬಡಿಯುತ್ತಾರೆ. ಇಷ್ಟು ಸಣ್ಣ ವಿಷಯ ತಮ್ಮಂಥ ದೊಡ್ಡವರಿಗೆ ತಿಳಿಯಲಿಲ್ಲವೆಂದರೆ ನಂಬುವುದು ಕಷ್ಟ. ತಿಳಿದೂ ಬರೆದಿರೆಂದರೆ ನಂಬಲು ಮನಸ್ಸು ಬರುವುದಿಲ್ಲ. ಆದ್ದರಿಂದ ನಾಲ್ಕು ಜನಕ್ಕೆ ಕೇಳುವಂತೆ ಬರೆಯುತ್ತಿದ್ದೇನೆ. ಮರಾಠಿಯಲ್ಲಿ ಬರೆದ ನನ್ನ ಅರ್ಜಿಗಳಿಗೆ ತಾವು ಉತ್ತರ ಕೊಡಲಿಲ್ಲ. ಕನ್ನಡದಲ್ಲಿ ಬರೆದರೆ ಉತ್ತರ ಕೊಡದಿರುವುದಕ್ಕೆ ತಮಗೆ ಒಂದು ಮರ್ಯಾದಸ್ತ ಕಾರಣವಾದರೂ ಸಿಕ್ಕೀತು.

ನಾನು ಯಾರೆಂದು ಮೊದಲು ಹೇಳಿಬಿಡುತ್ತೇನೆ, ಗೊಂದಲ ಹುಟ್ಟಿದ್ದೇ ಅಲ್ಲಿಂದ. ನಾನು ಬಿಂದುಮಾಧವ ಜಹಗೀರದಾರ, ರಾಯಚೂರು ಜಿಲ್ಲೆಯ ಮಾನ್ವಿ ಕಡೆಯವನು. ಬ್ಯಾಂಕಿನ ನೌಕರಿಯಲ್ಲಿ ಊರೂರು ವರ್ಗವಾಗಿ, ತಮ್ಮ ಊರಿನಲ್ಲೂ ಕೆಲವು ವರ್ಷ ಮ್ಯಾನೇಜರನಾಗಿದ್ದು, ನಾಸಿಕದಲ್ಲಿ ನಿವೃತ್ತನಾದೆ. ಈಗ ಅಲ್ಲಿಯದೇ ಇಂದಿರಾನಗರದ ಒಂದು ಫ್ಲ್ಯಾಟಿನಲ್ಲಿ ಹೆಂಡತಿ ಅಂಬುಜಾಳೊಂದಿಗೆ ಇದ್ದೇನೆ. ನನ್ನ ಆಳ್ವಿಕೆಗೆ ಒಳಪಟ್ಟ ಪ್ರದೇಶವೆಂದರೆ ಬಾಲ್ಕನಿ. ಅಲ್ಲಿಯೂ ಬಟ್ಟೆ ಒಣಗಿಸುವ ಹೊತ್ತಿನಲ್ಲಿ ನನಗೆ ಪ್ರವೇಶವಿಲ್ಲ. ಇಂಥವನಿಗೆ ಆಷಾಢದಲ್ಲಿ ತಮ್ಮ ಮೊದಲ ನೋಟಿಸು ಬಂತು. 'ಶ್ರೀಮಂತ ಜಹಗೀರದಾರ ಸಾಹೇಬರಿಗೆ' ಎಂದು ಮೇಲೆ ವಿಳಾಸ. ಸುಳ್ಳೇಕೆ ಹೇಳಲಿ, ಎದೆ ಸ್ವಲ್ಪ ಉಬ್ಬಿತು. ಒಳಗೆ ಓದಿದರೆ, ತಮ್ಮ ಪೂರ್ವಜರ ಅಗಸಿ ಬೀಳುವ ಸ್ಥಿತಿಯಲ್ಲಿದೆ, ಅದಕ್ಕೆ ತಾವೊಬ್ಬರೇ ವಾರಸುದಾರರು, ಕೂಡಲೇ ದುರಸ್ತಿ ಮಾಡಿಸಿ, ಇಲ್ಲವಾದರೆ ಕಾನೂನು ಕ್ರಮ ಎಂದಿತ್ತು. ಉಬ್ಬಿದ್ದು ಇಳಿಯಿತು.

ಅಂಬುಜಾ ನೋಟಿಸನ್ನು ಎರಡು ಸಲ ಓದಿ ಕನ್ನಡಕ ತೆಗೆದಳು. "ಯಾರದೋ ಅಗಸಿಗೆ ನೀವ್ಯಾಕ ಧಣಿ ಆಗೀರಿ? ಬಚ್ಚಲದಾಗ ನಳಾ ಸೋರ್ಲಿಕತ್ತಿ ಎಷ್ಟು ದಿನ ಆತು, ಅದಕ್ಕ ನಾ ಯಾವ ಜಹಗೀರದಾರಗ ನೋಟಿಸ್ ಕೊಡ್ಲಿ?" ಈ ಪ್ರಶ್ನೆಗೆ ಮಾನ್ಯರು ಉತ್ತರಿಸಿದರೆ ನಮ್ಮ ಮನೆಗೂ ಉಪಕಾರವಾದೀತು.

ನಿಮ್ಮ ಅಗಸಿಗೂ ನನಗೂ ಏನು ಸಂಬಂಧವೆಂದು ತಿಳಿಯಲು ತಮ್ಮ ವಿಭಾಗ ಹೊಳೆಯುವ ಕಾಗದದಲ್ಲಿ ಅಚ್ಚು ಹಾಕಿಸಿದ ಕಿರುಪುಸ್ತಕವನ್ನೇ ತರಿಸಿ ಓದಿದೆ. ಅದರ ಪ್ರಕಾರ ತಮ್ಮ ಊರಿನಲ್ಲಿ ಜಹಗೀರದಾರ ಎಂಬ ಅಡ್ಡಹೆಸರಿನ ಮೂರು ಮನೆತನಗಳಿವೆ. ಮೂರಕ್ಕೂ ಒಂದಕ್ಕೊಂದು ರಕ್ತಸಂಬಂಧವಿಲ್ಲ. ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ದೊರೆಗಳಿಂದ ಬಂದ ಬಿರುದು. ಮೊದಲ ಮನೆಯ ಮೂಲಪುರುಷ ಯುದ್ಧದ ನಡುವೆ ಕುದುರೆ ಕಳೆದುಕೊಂಡ ಸುಭೇದಾರನಿಗೆ ತನ್ನ ಕುದುರೆ ಕೊಟ್ಟನಂತೆ. ಕುದುರೆ ಕೊಟ್ಟಮೇಲೆ ತಾನು ಯಾವ ದಿಕ್ಕಿಗೆ ಓಡಿದನೆಂದು ಪುಸ್ತಕ ಹೇಳುವುದಿಲ್ಲ. ಎರಡನೆಯವನು ಮುತ್ತಿಗೆಯ ಕಾಲದಲ್ಲಿ ಸೈನ್ಯಕ್ಕೆಲ್ಲ ಊಟ ಹಾಕಿದನಂತೆ. ಜೋಳ ಯಾರ ಹಗೇವಿನಿಂದ ತೆಗೆದದ್ದೆಂದು ಅಲ್ಲಿಯೂ ಇಲ್ಲ. ಮೂರನೆಯವನಿಗೆ ದರಬಾರಿನ ಒಂದು ಗುಟ್ಟು ಗೊತ್ತಿತ್ತು, ಅದನ್ನು ಯಾರಿಗೂ ಹೇಳದೆ ಉಳಿದದ್ದಕ್ಕೆ ಜಹಗೀರಿ ಸಿಕ್ಕಿತು. ಆ ಗುಟ್ಟು ಇವತ್ತಿಗೂ ಯಾರಿಗೂ ಗೊತ್ತಿಲ್ಲವೆಂದು ಪುಸ್ತಕ ಬಹಳ ಅಭಿಮಾನದಿಂದ ಬರೆದಿದೆ. ನನಗೆ ಮೂವರಲ್ಲಿ ಹಿಡಿಸಿದವನು ಈತನೇ, ಕೆಲಸ ಅಂದರೆ ಹಾಗಿರಬೇಕು.

ಈ ಮೂರೂ ಮನೆಯವರು ಅಗಸಿ ಕಟ್ಟಿಸಿದ್ದು ತಮ್ಮವರೇ ಎಂದು ತಲೆಮಾರುಗಳಿಂದ ಹೇಳುತ್ತ ಬಂದಿದ್ದರು. ದಸರಾ ದಿನ ಊರ ಗಡಿ ದಾಟುವ ಸೀಮೋಲ್ಲಂಘನಕ್ಕೆ ಹೊರಟಾಗ ಆ ಕಮಾನಿನ ಕೆಳಗೆ ಮೊದಲು ದಾಟುವ ಮಾನ ಯಾರದೆಂದು ಪೇಟ ಬೀಳುವಷ್ಟು ಜಗಳವಾಗುತ್ತಿತ್ತೆಂದು ನಾನು ಮ್ಯಾನೇಜರನಾಗಿದ್ದಾಗಲೇ ಕೇಳಿದ್ದೆ. ಈಗ ಗೋಡೆ ಬಿರುಕುಬಿಟ್ಟಿತು. ತಾವು ಮೂವರನ್ನೂ ಕರೆದು ವಾರಸುದಾರರು ಯಾರೆಂದು ಕೇಳಿದಿರಿ. ಏನು ಆಶ್ಚರ್ಯ ನೋಡಿ, ಒಂದೇ ಮಧ್ಯಾಹ್ನದಲ್ಲಿ ಮೂವರಿಗೂ ಇತಿಹಾಸ ಜ್ಞಾನೋದಯವಾಯಿತು. ಅಗಸಿ ತಮ್ಮದಲ್ಲವೇ ಅಲ್ಲ ಎಂದರು. ಮತ್ತೆ ಯಾರದು? ಎರಡನೆಯ ಮನೆಯ ಹಿರಿಯರು ನನ್ನನ್ನು ನೆನಪಿಸಿಕೊಂಡರು. ನನ್ನ ಬ್ಯಾಂಕಿಗೆ ಬಂದಾಗಲೆಲ್ಲ ಸಾಲು ಬಿಟ್ಟು ಸೀದಾ ಒಳಗೆ ನುಗ್ಗಿ, "ತುಮ್ಹೀ ಜಹಗೀರದಾರ, ಆಮ್ಹೀ ಜಹಗೀರದಾರ, ಆಪಣ್ ಭಾವು-ಭಾವು" ಎಂದು ಅಣ್ಣತಮ್ಮಂದಿರ ಲೆಕ್ಕದಲ್ಲಿ ಚಹಾ ಕುಡಿದು ಹೋಗುತ್ತಿದ್ದವರು ಅವರು. ಅಗಸಿ ಕಟ್ಟಿದ್ದು ಕನ್ನಡ ಶಾಖೆಯವರು, ಅದರ ಹಿರಿಯ ನಾಸಿಕದಲ್ಲಿದ್ದಾನೆ ಎಂದು ಹೇಳಿದರು. ರಾಯಚೂರೂ ನಿಜಾಮನದು, ನಿಮ್ಮ ಊರೂ ನಿಜಾಮನದು, ಹೆಸರೂ ಒಂದೇ ಎಂದು ತಾವು ಒಪ್ಪಿಬಿಟ್ಟಿರಿ.

ನಮ್ಮ ಮನೆತನದ ಜಹಗೀರಿ ಏನೆಂದು ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆನಲ್ಲ. ಮುತ್ತಜ್ಜನ ಅಜ್ಜನಿಗೆ ಒಂದು ಗುಡಿಯ ನಂದಾದೀಪಕ್ಕೆ ಎಣ್ಣೆ ಒದಗಿಸಲೆಂದು ಅರ್ಧ ಊರು ಬಿಟ್ಟುಕೊಟ್ಟಿದ್ದರು. ಅರ್ಧ ಮಾತ್ರ, ಉಳಿದರ್ಧದವರು ನಮ್ಮನ್ನು ಲೆಕ್ಕಕ್ಕೇ ಇಡುತ್ತಿರಲಿಲ್ಲ. ಜಹಗೀರಿಗಳೆಲ್ಲ ರದ್ದಾಗಿ ಮುಕ್ಕಾಲು ಶತಮಾನವಾಯಿತು. ಹೊಲ ಹೋಯಿತು, ಎಣ್ಣೆ ಹೋಯಿತು, ಶಾಲೆಯ ಹಾಜರಿಯಲ್ಲಿ ಬರೆಸಿದ ಹೆಸರು ಮಾತ್ರ ಮೈಗಂಟಿಕೊಂಡು ಉಳಿಯಿತು.

ಇದನ್ನೆಲ್ಲ ಅರ್ಜಿಯಲ್ಲಿ ಬರೆದರೆ ಉತ್ತರವಿಲ್ಲ. ಶ್ರಾವಣದಲ್ಲಿ ನಾವಿಬ್ಬರೂ ಬಸ್ಸು ಹತ್ತಿ ನನ್ನ ಪಿತ್ರಾರ್ಜಿತ ಆಸ್ತಿಯನ್ನು ನೋಡಲು ಬಂದೆವು. ದಾರಿಯಲ್ಲಿ ಯೇವಲಾ ಬಂದಾಗ ಅಂಬುಜಾ, "ಅಗಸಿ ಎಲ್ಲೂ ಓಡಿ ಹೋಗೂದಿಲ್ಲ, ಇಳದು ಒಂದು ಪೈಠಣಿ ಸೀರಿ ನೋಡೋಣ್ರಿ" ಅಂದಳು. ನಾನು ಇಳಿಯಲಿಲ್ಲ. ಆ ಮಾತು ಇನ್ನೂ ನಡೆಯುತ್ತಿದೆ.

ಅಗಸಿ ನೋಡಿದೆ. ಕಮಾನಿನ ನಟ್ಟನಡುವಿನ ಕಲ್ಲು ಜಾರಿ ಕೆಳಗೆ ಇಣುಕುತ್ತಿತ್ತು. ಅದರ ಕೆಳಗೇ ಪಕ್ಕದಲ್ಲಿ ಹಳೆಯ ಕಾಲದ ಪಹರೆಯವನು ಕೂರುತ್ತಿದ್ದ ಗೂಡಿನಲ್ಲಿ ಒಲೆ ಉರಿಯುತ್ತಿತ್ತು. ಗೋಡೆಗೆ ನನ್ನ ಹೆಸರಿನ ನೋಟಿಸಿನ ಪ್ರತಿ ಅಂಟಿಸಿದ್ದರು. ನಾನು ಅದನ್ನೇ ನೋಡುತ್ತ ನಿಂತಿದ್ದಾಗ ಅಂಬುಜಾ ನನ್ನನ್ನು ಕನ್ನಡದಲ್ಲಿ ಏನೋ ಬೈದಳು. ಒಲೆಯ ಮುಂದಿದ್ದ ಹೆಣ್ಣುಮಗಳು ತಟ್ಟನೆ ತಲೆಯೆತ್ತಿದರು.

"ನಾಸಿಕದ ಧಣಿ ನೀವೇ ಏನ್ರಿ? ಕಡೀಕೂ ಬಂದ್ರಲ್ಲ. ನಿಮ್ಮ ಅಗಸಿ ನನ್ನ ಕೈ ಮುರದದ ನೋಡ್ರಿ."

ಇವರೇ ಮಲ್ಲಮ್ಮ. ಯಾದಗಿರಿ ಕಡೆಯವರು. ಗಂಡನ ಜೊತೆ ಗೌಂಡಿ ಕೆಲಸಕ್ಕೆ ಬಂದು, ಗಂಡ ತೀರಿಕೊಂಡ ಮೇಲೆ ಈ ಗೂಡಿನಲ್ಲೇ ರೊಟ್ಟಿ, ಝುಣಕ ಮಾರುತ್ತ, ಅಲ್ಲೇ ಮಲಗುತ್ತ ಇದ್ದಾರೆ. ಮಳೆಗೆ ಒಂದು ಕಲ್ಲು ಕಳಚಿ ಎಡಗೈ ಮೇಲೆ ಬಿದ್ದು, ಮೂಳೆ ಸೊಟ್ಟಗೆ ಕೂಡಿಕೊಂಡಿದೆ. ಅಗಸಿ ನನ್ನದಲ್ಲ ತಾಯಿ ಅಂದೆ.

"ಎಲ್ಲಾರೂ ಹಂಗ ಅಂತಾರ್ರಿ. ದಸರಾಕ್ಕ ಮಾತ್ರ ಎಲ್ಲಾರದೂ ಆಗ್ತದ."

ಇಲ್ಲಿಂದ ಎದ್ದು ಬೇರೆ ಕಡೆ ಹೋಗಬಾರದೇ ಎಂದು ಅಂಬುಜಾ ಕೇಳಿದಳು. "ಎಲ್ಲಿಗ್ರೀ ಅಕ್ಕಾ? ಜಗಾ ತೋರಸ್ರಿ, ಈಗ ಎದ್ದು ಬರ್ತೀನಿ" ಅಂದರು ಮಲ್ಲಮ್ಮ. ನಮ್ಮಲ್ಲಿ ತೋರಿಸಲು ಜಾಗವಿರಲಿಲ್ಲ. ತಮ್ಮ ಕಚೇರಿಗೆ ಬಂದು ಕೇಳಿದರೆ, ನಮ್ಮ ದಾಖಲೆ ಪ್ರಕಾರ ಆ ಗೂಡಿನಲ್ಲಿ ಯಾರೂ ವಾಸವಿಲ್ಲ, ಆದ್ದರಿಂದ ಯಾರಿಗೂ ಅಪಾಯವಿಲ್ಲ ಎಂದರು. ಆ ಸೊಟ್ಟ ಕೈ ಯಾರದೆಂದು ತಮ್ಮ ದಾಖಲೆಯನ್ನು ಕೇಳಬೇಕೆಂದಿದ್ದೆ, ಅಷ್ಟರಲ್ಲಿ ಊಟದ ವಿರಾಮವಾಯಿತು.

ಇನ್ನು ದಸರಾ, ಅದನ್ನು ನೋಡಲು ನಾನು ಮತ್ತೆ ಬಂದಿದ್ದೆ. ಅಪಾಯವಿಲ್ಲವೆಂದವರು ಏನು ಮಾಡಿದಿರಿ? ಬಿರುದಾಂಕಿತರ ತಲೆಯ ಮೇಲೆ ಕಲ್ಲು ಬೀಳಬಾರದೆಂದು ಹಳೆಯ ಅಗಸಿಯ ಕೂಗಳತೆಯಲ್ಲೇ ಪ್ಲೈವುಡ್ಡಿನ ಹೊಸ ಅಗಸಿ ಎಬ್ಬಿಸಿದಿರಿ. ಅದಕ್ಕೆ ಮೂರು ಬಾಗಿಲು. ಮೂರೂ ಮನೆಯವರು ಒಂದೊಂದು ಬಾಗಿಲಲ್ಲಿ ನಿಂತು, ತಮ್ಮ ಸಿಬ್ಬಂದಿ ಸೀಟಿ ಊದಿದ ಕೂಡಲೇ ಮೂವರೂ ಮೊದಲಿಗರಾಗಿ ದಾಟಿದರು. ಎಷ್ಟೋ ತಲೆಮಾರಿನ ಜಗಳವನ್ನು ಒಂದು ಬಡಗಿ ಕೆಲಸದಿಂದ ತೀರಿಸಿದ ತಮ್ಮ ಜಾಣತನಕ್ಕೆ ನಾನು ಮನಸಾರೆ ಚಪ್ಪಾಳೆ ತಟ್ಟಿದೆ. ನಾನು ನಿಂತದ್ದು ಹಳೆಯ ಅಗಸಿಯ ಕೆಳಗೆ, ಮಲ್ಲಮ್ಮನ ಪಕ್ಕದಲ್ಲಿ. ನನ್ನ ಕೈಗೆ ಅವರು ಎಲೆ ಕೊಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ ಯಪ್ಪಾ" ಅಂದರು. ಕೊಡುವಾಗಲೇ ಮೇಲಿನಿಂದ ಗಾರೆ ಉದುರಿ ಹೆಂಚಿನ ಮೇಲೆ ಬಿತ್ತು. ಮಲ್ಲಮ್ಮ ರೊಟ್ಟಿಯನ್ನು ಝಾಡಿಸಿ ತಿರುವಿ ಹಾಕಿದರು. ಈ ವಯಸ್ಸಿನಲ್ಲಿ ನನಗೆ ಅಷ್ಟು ಸಿಟ್ಟು ಬಂದದ್ದು ಅದೇ ಮೊದಲು.

ಮರುದಿನ ಮಂಟಪದ ಗುತ್ತಿಗೆದಾರ ಗೋವಿಂದ ಪ್ಲೈವುಡ್ಡಿನ ಅಗಸಿ ಕಳಚುತ್ತಿದ್ದ. ಅದರ ಹೊಟ್ಟೆಯಲ್ಲಿ ಒಳ್ಳೆಯ ಕಬ್ಬಿಣದ ಕಂಬಗಳಿದ್ದವು. ಹಲಗೆಗೆ ಅಷ್ಟು ಆಸರೆ, ಕಲ್ಲಿಗೆ ಒಂದೂ ಇಲ್ಲ. ಇವನ್ನು ಆ ಕಮಾನಿಗೆ ನಿಲ್ಲಿಸಿಕೊಡುತ್ತೀಯಾ ಎಂದು ಕೇಳಿದೆ. ಗೋವಿಂದ ಮೇಲೆ ಜಾರಿದ ಕಲ್ಲನ್ನು ನೋಡಿದ, ಮಲ್ಲಮ್ಮನನ್ನು ನೋಡಿದ, "ಚಾಲೇಲ್ ಸಾಹೇಬ್" ಎಂದು ಒಪ್ಪಿ ಹುಡುಗರನ್ನು ಕೂಗಿದ. ಸಂಜೆಯೊಳಗೆ ಕಮಾನಿನ ತುಂಬ ಕಂಬಗಳು ನಿಂತವು. ಅಂದಿನಿಂದ ಒಂದು ಚೂರು ಗಾರೆಯೂ ಉದುರಿಲ್ಲ. ದೀಪಾವಳಿ ಪಾಡ್ಯಕ್ಕೆ ಮಲ್ಲಮ್ಮ ಅವುಗಳಿಗೆ ಚೆಂಡುಹೂ ಕಟ್ಟಿದ್ದರು.

ಹಬ್ಬ ಕಳೆದ ವಾರಕ್ಕೆ ಈ ಎರಡನೆಯ ನೋಟಿಸು. ಕಂಬಗಳು ಸರಕಾರದ ಸ್ವತ್ತಂತೆ, ಮೇಲಾಗಿ ಅವು ಪಾರಂಪರಿಕ ಕಟ್ಟಡದ ಅಂದ ಕೆಡಿಸುತ್ತಿವೆಯಂತೆ. ಹೌದು, ಕೆಡಿಸುತ್ತಿವೆ. ಮುರಿದ ಕೈಗೆ ಕಟ್ಟಿದ ಪಟ್ಟಿಯೂ ಅಂದ ಕೆಡಿಸುತ್ತದೆ. ಬಿಚ್ಚೋಣವೇ?

ನನ್ನ ಬೇಡಿಕೆ ಇಷ್ಟು. ಅಗಸಿಯನ್ನು ಸರಿಪಡಿಸುವವರೆಗೆ ಕಂಬಗಳು ಅಲ್ಲೇ ಇರಬೇಕು. ಆ ಗೂಡಿನಲ್ಲಿ ಮಲ್ಲಮ್ಮ ಎಂಬವರು ಇದ್ದಾರೆಂದು ತಮ್ಮ ದಾಖಲೆಯಲ್ಲಿ ಬರೆಯಬೇಕು. ವಾರಸುದಾರ ಯಾರೆಂಬ ಜಾಗದಲ್ಲಿ ಬೇಕಿದ್ದರೆ ನನ್ನ ಹೆಸರೇ ಇರಲಿ. ಬೇರೆ ಯಾರೂ ಹೊರಲು ಒಪ್ಪದ ಜಹಗೀರಿಯನ್ನು ನಾನು ಹೊರುತ್ತೇನೆ, ಮಾನದ ಪೇಟ ಬೇಡ.

ಇಲ್ಲ, ಕಂಬ ಬೇಕೇ ಬೇಕು ಎನ್ನುವುದಾದರೆ ತಾವೇ ದಯಮಾಡಿಸಿ. ಮೂರೂ ಮನೆಯವರನ್ನು ಪೇಟ ಸಹಿತ ಕರೆತನ್ನಿ. ಮೊದಲ ಕಂಬ ಎಳೆಯುವ ಮಾನ ಯಾರದೆಂದು ಸ್ಥಳದಲ್ಲೇ ತೀರ್ಮಾನವಾಗಲಿ, ಸೀಟಿ ನಾನು ಊದುತ್ತೇನೆ. ಮಲ್ಲಮ್ಮ ಎಲ್ಲರಿಗೂ ಬಿಸಿ ರೊಟ್ಟಿ ಕೊಡುತ್ತಾರೆ, ಆದರೆ ಕೂತಲ್ಲಿಂದ ಏಳುವುದಿಲ್ಲ. ಹಾಗೆಂದು ಬರೆಯಲು ಅವರೇ ಹೇಳಿದ್ದಾರೆ. ನಿಲ್ಲಿಸಿದವನಾಗಿ ನಾನು ಒಂದು ಮಾತು ಹೇಳುತ್ತೇನೆ, ಆ ಕಂಬಗಳನ್ನು ಹೊರಗೆ ನಿಂತು ಎಳೆಯಲು ಬರುವುದಿಲ್ಲ. ಕಮಾನಿನ ಕೆಳಗೆ ನಿಂತೇ ಎಳೆಯಬೇಕು.

ಇಂತಿ,
ಕೇಳದೆ ಬಂದ ಅಗಸಿಯ ಧಣಿ,
ಬಿಂದುಮಾಧವ ಜಹಗೀರದಾರ
ನಾಸಿಕ
(ಅರ್ಧ ಊರಿನ ಮನೆತನ; ತಮ್ಮ ಪುಸ್ತಕದಲ್ಲಿಲ್ಲ)