ನೀರು ಬಿಟ್ಟದ್ದು

ನವೆಂಬರ್ 9, ಬೆಳಿಗ್ಗೆ 6.10
ಕಿಟಕಿಯ ಹತ್ತಿರ ಎಂಟು ಡಿಗ್ರಿ. ಟ್ರೇ ಎತ್ತಿ ಫ್ರಿಜ್ ಮೇಲಿಟ್ಟೆ, ಅಲ್ಲಿ ಸ್ವಲ್ಪ ಬೆಚ್ಚಗಿರುತ್ತದೆ. ಕಳ್ಳಿಯ ಸಸಿ ನಲವತ್ತೊಂದು. ಒಂದೊಂದೂ ಬಟಾಣಿಯ ಅರ್ಧದಷ್ಟು, ಮೇಲೆ ಮುಳ್ಳು ಅನ್ನಲೂ ಆಗದ ನಾಲ್ಕು ರೋಮ. ಗಂಡ ಮನೆ ಬಿಟ್ಟು ಹೋಗುವಾಗ ದೊಡ್ಡ ಕುಂಡಗಳನ್ನೆಲ್ಲ ಪೇಪರ್ ಸುತ್ತಿ ಹುಷಾರಾಗಿ ಒಯ್ದ. ಈ ಟ್ರೇ ತೋರಿಸಿ, "ಇವು ಚಳಿ ದಾಟಲ್ಲ, ಎಸೆದುಬಿಡು" ಎಂದ. ತನ್ನ ಅಪ್ಪನ ಬಗ್ಗೆ ಅಷ್ಟೂ ಹೇಳಲಿಲ್ಲ. ಅವರನ್ನೂ ನನ್ನ ತಲೆಗೆ ಕಟ್ಟಿ ಹೋದ.

ಎಸೆಯುತ್ತೇನಾ? ಎಲ್ಲವನ್ನೂ ಬದುಕಿಸಿ ಅವನ ಮುಖಕ್ಕೆ ಹಿಡಿಯುತ್ತೇನೆ.

ನವೆಂಬರ್ 23
ಡೆಂಟಲ್ ಲ್ಯಾಬಿನಲ್ಲಿ ಇಡೀ ದಿನ ಹಲ್ಲುಸೆಟ್ಟು ಉಜ್ಜಿದೆ. ಹಳೆಯ ಚಿಮಟ ಒಂದನ್ನು ಮನೆಗೆ ತಂದೆ, ಸಸಿಗಳ ನಡುವಿನ ಪಾಚಿ ಕೀಳಲು. ಮಾವ ಪಕ್ಕದಲ್ಲೇ ಕನ್ನಡಕ ಏರಿಸಿಕೊಂಡು ಕೂತರು.
"ಇಷ್ಟು ದಿನ ಆದ್ರೂ ಇಷ್ಟೇ ಇದೆಯಲ್ಲಮ್ಮ?"
"ಕಳ್ಳಿ ಅಲ್ವಾ ಮಾವ, ನಿಧಾನ."
"ನನ್ನ ಮಗನೂ ಹಾಗೇ. ನಲವತ್ತಾದ್ರೂ ಬುದ್ಧಿ ಬಂದಿಲ್ಲ."
ನಗು ಬಂತು. ಎಷ್ಟು ದಿನವಾಗಿತ್ತೋ.

ಡಿಸೆಂಬರ್ 14
ಅಮ್ಮನಿಗೆ ಕಣ್ಣಿನ ಆಪರೇಷನ್. ಆರು ದಿನ ಅವಳ ಊರಲ್ಲೇ. ಸಸಿಗಳ ಬಗ್ಗೆ ಮಾವನಿಗೆ ಚೀಟಿ ಬರೆದು ಫ್ರಿಜ್‌ಗೆ ಅಂಟಿಸಿದೆ. ಬಸ್ಸಿಗೆ ಹೊತ್ತಾಯಿತು.

ಡಿಸೆಂಬರ್ 20, ಸಂಜೆ
ಟ್ರೇಯಲ್ಲಿ ನೀರು ನಿಂತಿದೆ. ಸಸಿಗಳು ಬೆಂದ ಹಾಗೆ ಕಂದುಬಣ್ಣಕ್ಕೆ ತಿರುಗಿವೆ, ಮುಟ್ಟಿದರೆ ಬೆರಳಿಗೆ ಅಂಟುತ್ತವೆ... ಈ ಚಳಿಯಲ್ಲಿ ನೀರು!
"ನೀನೇ ಹೇಳಿದ್ಯಲ್ಲಮ್ಮ" ಎಂದರು ಮಾವ.
"ಸುಳ್ಳು ಹೇಳ್ಬೇಡಿ. ನಿಮ್ಮ ಮಗ ನಿಮ್ಮನ್ನ ಯಾಕೆ ಇಲ್ಲೇ ಬಿಟ್ಟು ಹೋದ ಅಂತ ಈಗ ಗೊತ್ತಾಯ್ತು."
ಹೇಳಿದೆ. ಪೂರ್ತಿ ಹೇಳಿದೆ. ಅವರು ಊಟ ಮಾಡಲಿಲ್ಲ. ಮಾಡದಿದ್ದರೆ ಬಿಡಲಿ.

ಡಿಸೆಂಬರ್ 21, ಬೆಳಿಗ್ಗೆ
ಚೀಟಿ ಓದಿದೆ. ನನ್ನದೇ ಅಕ್ಷರ. "ಮಾವ, ಚಳಿ ಜಾಸ್ತಿಯಾದರೆ ನೀರು ಬಿಟ್ಟುಬಿಡಿ."

ನಿಲ್ಲಿಸಿ ಎಂದು ನನ್ನ ಅರ್ಥ. ಸಿಗರೇಟು ಬಿಟ್ಟುಬಿಡಿ ಎನ್ನುವುದಿಲ್ಲವೇ, ಹಾಗೆ. ಅವರು ಓದಿದ್ದು ತೋಟಕ್ಕೆ ನೀರು ಬಿಡುವ ಹಾಗೆ. ದಿನಾ ಬೆಳಿಗ್ಗೆ ಎದ್ದು, ಚಳಿ ನೋಡಿ, ಪಾಪ, ಚೊಂಬು ಹಿಡಿದು ಬಿಟ್ಟಿದ್ದಾರೆ. ಹಾಕಬೇಡಿ ಅಂತ ಬರೆದಿದ್ದರೆ ನನ್ನ ಕೈ ಸವೆಯುತ್ತಿತ್ತೇ? ನನ್ನ ಮೇಲೇ ಮೈ ಉರಿಯುತ್ತಿದೆ. ಅವರ ಕೋಣೆಯ ತನಕ ಹೋದೆ. "ಕಾಫಿ ಆಗಿದೆ" ಎಂದು ವಾಪಸ್ ಬಂದೆ.

ಜನವರಿ 7
ಒಂಬತ್ತು ಉಳಿದಿವೆ. ಬೇರೆ ಒಣ ಮಣ್ಣಿಗೆ ಕಿತ್ತಿಟ್ಟೆ. ಮಾವ ಟ್ರೇ ಕಡೆ ತಲೆ ಹಾಕುವುದಿಲ್ಲ. ನಾನು ಲ್ಯಾಬಿಗೆ ಹೊರಟ ಮೇಲೇ ಅಡುಗೆಮನೆಗೆ ಬರುತ್ತಾರಂತೆ, ಕೆಲಸದವಳು ಹೇಳಿದಳು. ಕೇಳಿ ಮತ್ತೆ ಸಿಟ್ಟು ಬಂತು. ಬೈದರೆ ತಿರುಗಿ ಬೈಯಬಾರದೇ ಈ ಮನುಷ್ಯ?

ಜನವರಿ 19
ಗಂಡನ ಫೋನು. "ಭಾನುವಾರ ಬಂದು ಅಪ್ಪನ್ನ ಕರ್ಕೊಂಡು ಹೋಗ್ತೀನಿ."
"ಈಗ ನೆನಪಾಯ್ತಾ?"
"ಅಪ್ಪಾನೇ ಕೇಳಿದ್ರು. ಸೊಸೆಗೆ ಭಾರ ಆಗಿದ್ದೀನಿ ಅಂದ್ರು."
ಆಮೇಲೆ, "ಆ ಸಸಿ ಏನಾದ್ರೂ ಉಳಿದಿದ್ರೆ ಕೊಡು" ಅಂತೆ. ಎಲ್ಲ ಸತ್ತವು ಎಂದು ಫೋನ್ ಇಟ್ಟೆ.

ಭಾರ. ಆ ಮಾತು ನಾನು ಆಡಿರಲಿಲ್ಲ. ಅದಕ್ಕಿಂತ ಕೆಟ್ಟದ್ದು ಆಡಿದ್ದೆ.

ಭಾನುವಾರ, 9.40
ಮಾವ ಇಸ್ತ್ರಿ ಅಂಗಿ ಹಾಕಿ, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಹಾಲ್‌ನಲ್ಲಿ ಕೂತಿದ್ದಾರೆ. ಒಂದು ಗಂಟೆಯಿಂದ. ನಾನು ಇಲ್ಲಿ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ, ಹೇಡಿ. ತಪ್ಪು ನನ್ನದು ಮಾವ, ಹೋಗಬೇಡಿ. ಇಷ್ಟೇ ಮಾತು. ಬೇರೆಯವರಿಗೆ ಬೈಯಲು ಇಷ್ಟು ಬಾಯಿ ಇದೆ, ಇದಕ್ಕೆ ಮಾತ್ರ...

ಬೆಲ್ ಆಯಿತು. ಕುರ್ಚಿ ಸರಿದ ಸದ್ದು. ಅವರು ಬಾಗಿಲು ತೆಗೆಯುವ ಮೊದಲು ನಾನು ಹೋಗಿ ಅದನ್ನು ಹೇಳಿ...